ಹನ್ನೊಂದನೆಯ ರಿಸೀವರ್

ವಾಲ್ನಟ್ ಬೆಂಡ್, ಅಯೋವಾ
ಭಾನುವಾರ, ನವೆಂಬರ್ 14, 1926

ಪ್ರೀತಿಯ ಟಿಲ್ಡಾ,

ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಚೆನ್ನಾಗಿಲ್ಲದಿದ್ದರೂ ಹಾಗೆಂದು ಬರೆಯುವವಳು ನೀನಲ್ಲ. ನಿನ್ನ ಮೂರು ಕಾಗದಗಳಿಗೆ ನಾನು ಎರಡೆರಡು ಸಾಲಿನ ಕಾರ್ಡು ಹಾಕಿ ಸುಮ್ಮನಾದೆ. ಅಚ್ಚುಮನೆಯಲ್ಲಿ ಕೆಲಸ ಜಾಸ್ತಿ ಎಂದು ಬರೆದದ್ದು ಸುಳ್ಳು. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ, ಅಷ್ಟೆ. ಈಗ ಓಡುತ್ತಿದೆ. ಯಾಕೆಂದು ಕಡೆಯವರೆಗೂ ಓದಿದರೆ ಗೊತ್ತಾಗುತ್ತದೆ, ನಡುವೆ ಬಿಡಬೇಡ.

ಮನೆಯ ಕಡೆ ಎಲ್ಲ ಎಂದಿನಂತೆಯೇ ಇದೆ. ಎಲೆಕೋಸು ಹೆಚ್ಚಿ ಉಪ್ಪು ಹಾಕಿ ಎರಡು ಜಾಡಿ ತುಂಬಿಟ್ಟಿದ್ದೇನೆ, ನೀನಿಲ್ಲದೆ ಅದನ್ನು ಮುಗಿಸುವವರು ಯಾರೋ ತಿಳಿಯದು. ಅಪ್ಪನ ಗಡಿಯಾರ ಈಗಲೂ ಗಂಟೆಗೆ ಒಂದು ಹೆಚ್ಚಿಗೆ ಹೊಡೆಯುತ್ತದೆ. ರಿಪೇರಿಗೆ ಕೊಡು ಎಂದು ನೀನು ಹತ್ತು ವರ್ಷ ಗೊಣಗಿದೆ. ಇನ್ನು ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ನೀನು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಗಂಟೆ ಇಸ್ತ್ರಿ ಮಾಡುತ್ತೀಯೆಂದು ಗೊತ್ತು. ಕೈ ಸುಟ್ಟುಕೊಂಡಿದ್ದೀಯೆಂದು ನೀನು ಬರೆಯದಿದ್ದರೂ ಅಕ್ಷರವೇ ಹೇಳುತ್ತದೆ. ಸೇಂಟ್ ಪಾಲ್‌ನ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೆಲಸ ಕೇಳಲು ಹೋದಾಗ ಅಲ್ಲಿನ ಮೇಲ್ವಿಚಾರಕಿ ಡ್ರಾಯರಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು, "ಇದು ನೀನೇನಾ?" ಎಂದು ಕೇಳಿದಳು ಎಂದು ಆಗಸ್ಟಿನಲ್ಲಿ ಬರೆದೆಯಲ್ಲ, ಆ ಒಂದು ಸಾಲು ಮೂರು ತಿಂಗಳು ನನ್ನನ್ನು ಕೂರಗೊಡಲಿಲ್ಲ. ಆ ಸುದ್ದಿಯ ಅಚ್ಚುಮೊಳೆಗಳನ್ನು ಮೊದಲು ಜೋಡಿಸಿದ ಕೈ ನನ್ನದೇ ತಾನೆ.

ಮುಂದಿನ ಗುರುವಾರ ನಮ್ಮ ವಾರಪತ್ರಿಕೆಯ ಮೊದಲ ಪುಟದಲ್ಲಿ, ಅಂದು ನಿನ್ನ ಹೆಸರು ಬಂದಿದ್ದ ಜಾಗದಲ್ಲಿಯೇ, ಅಷ್ಟೇ ದಪ್ಪ ಅಕ್ಷರದಲ್ಲಿ, ನಡೆದದ್ದು ನಡೆದ ಹಾಗೆ ಬರುತ್ತದೆ. ನಾನು ಬರೆದಿಟ್ಟದ್ದನ್ನು ಇಲ್ಲಿ ಇಳಿಸುತ್ತೇನೆ. ನಿನಗೆ ಗೊತ್ತಿರುವುದೇ ಆದರೂ ಓದು, ಯಾಕೆಂದರೆ ಸಾಕ್ಷಿ ನೀನು. ತಪ್ಪಿದ್ದರೆ ಬುಧವಾರದ ಒಳಗೆ ತಂತಿ ಕೊಡು.

ಮಾರ್ಚ್ ಹದಿನಾರು, ಮಂಗಳವಾರ. ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಕೋರಾ ಟಟ್ಲ್ ನೀನು ಆಪರೇಟರ್ ಆಗಿದ್ದ ನಮ್ಮೂರಿನ ಎಕ್ಸ್‌ಚೇಂಜಿಗೆ ಫೋನು ಮಾಡಿ, ಐದು ವರ್ಷದ ಮಗಳು ವರ್ನಾಗೆ ಗಂಟಲುಮಾರಿ, ಉಸಿರು ಕಟ್ಟುತ್ತಿದೆ, ಡಾಕ್ಟರು ಬೇಕು ಎಂದಳು. ಡಾಕ್ಟರು ಎಲ್ಲಿಗೆ ಹೋದರೂ ನಿನಗೆ ಹೇಳಿ ಹೋಗುತ್ತಿದ್ದರು. ಅಂದು ಅವರು ಏಳನೆಯ ಲೈನಿನ ಕಟ್ಟಕಡೆಯ ಮನೆ, ಊರಿಂದ ಏಳು ಮೈಲಿ ದೂರದ ಸ್ಟೆಂಗರ್ ಅವರ ಫಾರ್ಮಿನಲ್ಲಿ ಹೆರಿಗೆ ನೋಡಲು ಹೋಗಿದ್ದರು. ನೀನು ಕೋರಾಳ ಕರೆಯನ್ನು ಏಳನೆಯ ಲೈನಿಗೆ ಜೋಡಿಸಿ ಸ್ಟೆಂಗರ್ ಮನೆಯ ಗುರುತಿನ ಗಂಟೆ ಬಾರಿಸಿದೆ, ಎರಡು ಉದ್ದ, ಮೂರು ಗಿಡ್ಡ. ಒಂದೇ ತಂತಿಗೆ ಹದಿನಾಲ್ಕು ಮನೆ. ಒಬ್ಬರಿಗೆ ಗಂಟೆ ಬಾರಿಸಿದರೆ ಹದಿನಾಲ್ಕೂ ಮನೆಯಲ್ಲಿ ಬಾರಿಸುತ್ತದೆ. ಡಾಕ್ಟರು ಸ್ಟೆಂಗರ್ ಮನೆಯಲ್ಲಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಅವರನ್ನು ಈಗ ಯಾರು ಕರೆಯುತ್ತಿದ್ದಾರೆ, ಯಾರಿಗೇನಾಯಿತು ಎಂದು ತಿಳಿಯಲು ದಾರಿಯುದ್ದಕ್ಕೂ ರಿಸೀವರ್‌ಗಳು ಮೇಲೆದ್ದವು. ಸ್ಟೆಂಗರ್ ಫೋನೆತ್ತಿದಾಗ ಅವನಿಗೆ ಬರೀ ಕರಕರ ಸದ್ದು. ತಂತಿ ಕಡಿದಿರಬೇಕು ಎಂದು ಇಟ್ಟುಬಿಟ್ಟ. ನೀನು ಮತ್ತೆ ಬಾರಿಸಿದೆ, ಆರು ಸಲ. "ದಯವಿಟ್ಟು ಉಳಿದವರು ಇಡಿ, ದನಿ ಅಲ್ಲೀತನಕ ಹೋಗ್ತಿಲ್ಲ" ಎಂದು ಬೇಡಿಕೊಂಡೆ. ಆರೂಕಾಲಿಗೆ ಆಸೆ ಬಿಟ್ಟು ಗ್ಯಾರೇಜಿನವನನ್ನು ಕಾರಿನಲ್ಲಿ ಸ್ಟೆಂಗರ್ ಫಾರ್ಮಿಗೆ ಓಡಿಸಿದೆ. ಮಾರ್ಚಿ ತಿಂಗಳ ಕೆಸರಿನಲ್ಲಿ ಎರಡು ಕಡೆ ಗಾಲಿ ಹೂತುಹೋಯಿತು. ಡಾಕ್ಟರು ಟಟ್ಲ್ ಮನೆ ಸೇರಿದಾಗ ಎಂಟೂಕಾಲು. ವರ್ನಾ ತೀರಿಕೊಂಡು ಇಪ್ಪತ್ತು ನಿಮಿಷವಾಗಿತ್ತು.

ಇದಿಷ್ಟು ಸುದ್ದಿ. ಇದರಲ್ಲಿ ನಿದ್ದೆ ಎಲ್ಲಿದೆ ಹೇಳು.

ಆದರೆ ಸಂಪಾದಕ ಪ್ರೂಯಿಟ್ ಅವರಿಗೆ ಬುಧವಾರ ಬೆಳಗ್ಗೆ ಗೊತ್ತಿದ್ದದ್ದು ಎರಡೇ ಮಾತು. ತಾಯಿ ಫೋನು ಮಾಡಿದಳು, ಡಾಕ್ಟರಿಗೆ ಸುದ್ದಿ ಮುಟ್ಟಲಿಲ್ಲ. ನಡುವೆ ಇದ್ದವಳು ನೀನೊಬ್ಬಳು. ನಿನ್ನ ಮೇಜಿನ ಮೇಲೆ ಸಿನಿಮಾ ನಟಿಯ ಚಿತ್ರವಿದ್ದ ಮಾಸಪತ್ರಿಕೆ ಇದ್ದದ್ದನ್ನು ಯಾರೋ ನೋಡಿದ್ದರು. "ಆಪರೇಟರ್ ಹುಡುಗಿ ನಿದ್ದೆಯಲ್ಲಿದ್ದಳೇ?" ಎಂದು ತಲೆಬರಹ ಬರೆದುಕೊಟ್ಟರು. ನಮ್ಮ ಪುಟದಲ್ಲಿ ಅದೊಂದು ಪ್ರಶ್ನೆಯಾಗಿತ್ತು. ನಮ್ಮ ರಾಜ್ಯದ ರಾಜಧಾನಿಯ ಪತ್ರಿಕೆ ತಲುಪುವ ಹೊತ್ತಿಗೆ ಅದು ತೀರ್ಪಾಗಿತ್ತು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೊಳೆಯಿತು. ಬೇರೆ ಊರಿನ ಪಾದ್ರಿಯೊಬ್ಬರು ಕೂದಲು ಕತ್ತರಿಸಿಕೊಂಡ ಹುಡುಗಿಯರದೇ ತಪ್ಪೆಂದು ಅಂಕಣ ಬರೆದರು. ನಿನ್ನ ಜಡೆ ಸೊಂಟ ಮುಟ್ಟುವುದು ಅವರಿಗೇನು ಗೊತ್ತು. ಮಹಿಳಾ ಕ್ಲಬ್ಬಿನವರು ಮಾಸಪತ್ರಿಕೆಗಳೇ ಕಾರಣ ಎಂದರು. ಓಮಾಹಾ ಪತ್ರಿಕೆಯ ಮಹಾಶಯನೊಬ್ಬ ಕಳ್ಳಸಾರಾಯಿಯ ವಾಸನೆ ಹಿಡಿದ. ಸಹಿ ಇಲ್ಲದ ಪತ್ರವೊಂದು, ನಮ್ಮ ಮನೆತನದ ಹೆಸರು ಕ್ರೆಬ್ಸ್ ಎನ್ನುವುದನ್ನು ಓದುಗರು ಗಮನಿಸಬೇಕು, ಜರ್ಮನರಿಗೆ ಅಮೆರಿಕದ ಮಕ್ಕಳ ಜೀವದ ಬೆಲೆ ಗೊತ್ತಿಲ್ಲ ಎಂದು ಹೇಳಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ರಿಸೀವರ್ ಎತ್ತಿದವರ ಬಗ್ಗೆ ಮಾತ್ರ ಒಬ್ಬರೂ ಬರೆಯಲಿಲ್ಲ. ಪತ್ರಿಕೆ ಕೊಳ್ಳುವವರು ಅವರೇ ಅಲ್ಲವೇ.

ನನಗೆ ಸಿಟ್ಟು ಬಂದದ್ದು ಆ ಅಂಕಣಗಳ ಮೇಲೆ. ಆದರೆ ಸಿಟ್ಟಿನಿಂದ ಏನೂ ಆಗಲಿಲ್ಲ, ಬಂದ ಬರಹಕ್ಕೆಲ್ಲ ಮೊಳೆ ಜೋಡಿಸುತ್ತಲೇ ಇದ್ದೆ. ದಾರಿ ತೋರಿಸಿದವನು ಲೈನ್‌ಮನ್ ಅಮೋಸ್. ಸೆಪ್ಟೆಂಬರಿನಲ್ಲಿ ಕರಪತ್ರ ಅಚ್ಚು ಹಾಕಿಸಲು ಬಂದವನು ಟೋಪಿ ತಿರುಗಿಸುತ್ತಾ ನಿಂತು, "ಹೆಡ್ವಿಗಕ್ಕಾ, ಒಂದ್ ಮಾತು. ಮಾರನೇ ದಿನಾನೇ ಲೈನ್ ನೋಡ್ದೆ. ತಂತಿ ಕಡಿದಿರಲಿಲ್ಲ, ಬ್ಯಾಟರಿ ಚೆನ್ನಾಗಿತ್ತು. ಅಷ್ಟು ಜನ ಎತ್ಕೊಂಡ್ ಕೂತ್ರೆ ದೇವರು ಮಾತಾಡಿದ್ರೂ ಸ್ಟೆಂಗರ್ ಮನೆಗೆ ಕೇಳಲ್ಲ" ಎಂದ.

"ಇದನ್ನ ವರ್ನಾ ಸಾವಿನ ವಿಚಾರಣೇಲಿ ಯಾಕಪ್ಪಾ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ. ಆಮೇಲೆ ಲೈನು ರೈತರ ಸಂಘದ್ದು, ನನಗೆ ಸಂಬಳ ಕೊಡೋರೂ ಅವರೇ."

"ಅದನ್ನ ಎಲ್ಲರ ಎದುರಿಗೆ ಮಾಡಿ ತೋರಿಸ್ತೀಯಾ?"

ಅವನು ಟೋಪಿಯನ್ನು ಇನ್ನೆರಡು ಸುತ್ತು ತಿರುಗಿಸಿ ತೋರಿಸ್ತೀನಿ ಎಂದ.

ಅಕ್ಟೋಬರಿನ ಕೊನೆಯ ಶನಿವಾರ ರೈತರ ಸಭಾಂಗಣದಲ್ಲಿ ಕೋಳಿ ಊಟವಿತ್ತು. ಊಟ ಮುಗಿದು ಕಾಫಿ ಬರುವ ಹೊತ್ತಿಗೆ ಅಮೋಸ್ ಗೋಡೆಯುದ್ದಕ್ಕೂ ಹಳೆಯ ಫೋನುಗಳನ್ನು ಏಳನೆಯ ಲೈನಿಗೆ ಜೋಡಿಸಿಟ್ಟಿದ್ದ. ಎಕ್ಸ್‌ಚೇಂಜಿನಲ್ಲಿ ಈಗಿರುವ ಹುಡುಗಿ ಅಲ್ಲಿಂದ ಒಂದು ಪ್ರಾರ್ಥನೆ ಓದುತ್ತಿರಬೇಕು, ಸಭಾಂಗಣದಲ್ಲೇ ಸಾಲಿನ ಕಟ್ಟಕಡೆಯ ಫೋನಿನ ಹತ್ತಿರ ಸ್ಟೆಂಗರ್ ಕಿವಿಗೊಟ್ಟು ಕೂರಬೇಕು, ಇಲ್ಲಿ ಒಬ್ಬೊಬ್ಬರೇ ಎದ್ದು ಬಂದು ರಿಸೀವರ್ ಎತ್ತಬೇಕು. ಆಟವೆಂದುಕೊಂಡು ನಗುತ್ತಾ ಎದ್ದು ಬಂದರು. ನಾಲ್ಕು ಎತ್ತಿದಾಗ ಸ್ಟೆಂಗರ್ "ಕೇಳ್ತಿದೆ" ಎಂದ. ಏಳಾದಾಗ "ಸಣ್ಣಗೆ ಕೇಳ್ತಿದೆ" ಎಂದ. ಹತ್ತಾದಾಗ ಒಂದು ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿ, "ಪದ ಗೊತ್ತಾಗ್ತಿದೆ, ಬಹಳ ದೂರದಿಂದ ಬಂದಂಗೆ" ಎಂದ. ಹನ್ನೊಂದನೆಯದನ್ನು ಎತ್ತಿದರು. ಸ್ಟೆಂಗರ್ ಕಣ್ಣು ಬಿಟ್ಟು, "ಇದೇ. ಅವತ್ತು ಕೇಳಿದ್ದೂ ಇದೇ ಕರಕರ" ಎಂದ.

ನಗು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಕೆಲವರು ತಮ್ಮ ತಟ್ಟೆ ನೋಡಿಕೊಂಡರು, ಕೆಲವರು ಗಡಿಯಾರ. ಅದೇ ಲೈನಿನ ರೈತ ಹೋಬಾರ್ಟ್ ಎದ್ದು ನಿಂತು, "ಹಂಗಾದ್ರೆ ಹತ್ತು ಜನರದ್ದೇನೂ ತಪ್ಪಿಲ್ಲ ಅಂದಂಗಾಯ್ತು. ಆ ಹನ್ನೊಂದನೇವನು ಯಾವನು?" ಎಂದು ಗದರಿದ. ಅಮೋಸ್ ತಣ್ಣಗೆ, "ಯಾರು ಬೇಕಾದ್ರೂ ಆಗಬಹುದು ಹೋಬಾರ್ಟಣ್ಣ. ಹನ್ನೊಂದರಲ್ಲಿ ಯಾವ್ದಾದ್ರೂ ಒಂದು ಇಟ್ಟಿದ್ರೆ ಸಾಕಿತ್ತು. ಎಲ್ಲರೂ ಹನ್ನೊಂದನೇವರೇ" ಎಂದ. ಆಗ ಹಿಂದಿನ ಬೆಂಚಿನಿಂದ ಲುಂಡ್‌ಗ್ರೆನ್ ಅಜ್ಜಿ, "ನಾನು ಎತ್ತಿದ್ದೆ" ಎಂದರು. ಅಷ್ಟೇ ಹೇಳಿ ಶಾಲು ಹೊದ್ದು ಮನೆಗೆ ಹೊರಟರು.

ಸೋಮವಾರ ಪ್ರೂಯಿಟ್ ಅವರ ಮುಂದೆ ನಿಂತು ಇದನ್ನು ಅಚ್ಚು ಹಾಕಬೇಕು ಎಂದೆ. ಅವರು ಹಚ್ಚದ ಚುಟ್ಟವನ್ನು ಬಾಯಲ್ಲಿ ಹೊರಳಿಸಿ, "ನೋಡಮ್ಮ, ತಪ್ಪಿಗೆ ಒಂದು ಹೆಸರು ಬೇಕು. ಒಬ್ಬರ ಹೆಸರಿದ್ರೆ ಸುದ್ದಿ. ಹನ್ನೊಂದಿದ್ರೆ ಅದು ಜನಗಣತಿ" ಎಂದರು.

"ಹಾಗಾದ್ರೆ ಜನಗಣತಿನೇ ಮಾಡ್ಕೊಂಡ್ ಬರ್ತೀನಿ."

"ಹನ್ನೊಂದೂ ಸಹಿ ಬೇಕು. ಹತ್ತು ತಂದ್ರೆ ಹಾಕಲ್ಲ. ಆ ಹತ್ತು ಜನ ಸೇರಿ ಬಾರದೇ ಇರೋ ಒಬ್ಬರ ತಲೆಗೆ ಕಟ್ತಾರೆ, ನಿನ್ನ ತಂಗಿಗೆ ಕಟ್ಟಿದ ಹಾಗೆ."

"ಕಟ್ಟಿದ್ದು ನೀವು" ಎಂದೆ. ಹನ್ನೆರಡು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. "ಹನ್ನೊಂದು ತಂದ ಮೇಲೂ ಹಾಕಲಿಲ್ಲ ಅಂದ್ರೆ ನಾನು ಹೊರಡ್ತೀನಿ. ಮೊಳೆ ನಿಮ್ಮ ಕೈಲಿ ಕೊಟ್ರೆ ಹಬ್ಬದ ಟರ್ಕಿಕೋಳಿ ಜಾಹೀರಾತು ಹೋಗಿ ಮರಣವಾರ್ತೆಯಲ್ಲಿ ಕೂರುತ್ತೆ." ಅವರು ನಗಲಿಲ್ಲ, ಆದರೆ ಇಲ್ಲವೆಂದೂ ಹೇಳಲಿಲ್ಲ. ಆ ಮನುಷ್ಯ ಕೆಟ್ಟವನಲ್ಲ ಟಿಲ್ಡಾ, ಅವಸರದವನು. ಬುಧವಾರದೊಳಗೆ ಪುಟ ತುಂಬಬೇಕಾದವರೆಲ್ಲ ಹಾಗೇ.

ಎರಡು ವಾರ ದಿನವೂ ಕೆಲಸ ಬಿಟ್ಟ ಮೇಲೆ ಏಳನೆಯ ಲೈನಿನ ಉದ್ದಕ್ಕೂ ನಡೆದೆ. ಲುಂಡ್‌ಗ್ರೆನ್ ಅಜ್ಜಿ ಸಹಿ ಹಾಕಿ, "ಯುದ್ಧದ ವರ್ಷ ನೆನಪಿದೆಯೇನೇ? ಟೆಲಿಫೋನಲ್ಲಿ ಪರಭಾಷೆ ಆಡಬಾರದು ಅಂತ ಅಪ್ಪಣೆ ಆಗಿತ್ತು. ಯಾರು ಜರ್ಮನ್ ಆಡ್ತಾರೆ, ಯಾರು ಸ್ವೀಡಿಷ್ ಆಡ್ತಾರೆ ಅಂತ ಕದ್ದು ಕೇಳೋದೇ ದೇಶಸೇವೆ ಅಂದ್ರು. ಯುದ್ಧ ಮುಗೀತು, ಸೇವೆ ಬಿಡಲಿಲ್ಲ ನಾವು" ಎಂದರು. ಅಜ್ಜಿಯ ಕ್ಯಾನರಿ ಹಕ್ಕಿ ಆಗಲೂ ಕೂಗುತ್ತಿತ್ತು. ಹೋಬಾರ್ಟ್ ಬಾಗಿಲಲ್ಲೇ ನಿಲ್ಲಿಸಿ, ಫೋನಿನಲ್ಲಿ ಹಂದಿಯ ಮಾರುಕಟ್ಟೆ ದರ ಹೇಳುವ ಹೊತ್ತೆಂದು ಎತ್ತಿದ್ದೆ, ಅಷ್ಟೇ ಎಂದು ಸಾಧಿಸಿದ. ಅವನ ಹೆಂಡತಿ ಒಳಗಿನಿಂದ, "ದರ ಹೇಳೋದು ಮಧ್ಯಾಹ್ನ. ಸಹಿ ಹಾಕಿ ಒಳಗೆ ಬನ್ನಿ, ಸೂಪು ಆರುತ್ತೆ" ಎಂದಳು. ಹಾಕಿದ. ನಮ್ಮೂರಿನ ಪಾದ್ರಿಯ ಹೆಂಡತಿ ಮೊದಲ ದಿನ ಬಾಗಿಲು ಹಾಕಿಕೊಂಡಳು. ನಾಲ್ಕು ದಿನ ಬಿಟ್ಟು ತಾನೇ ಅಚ್ಚುಮನೆಗೆ ಬಂದು, ಕೈಗವಸು ತೆಗೆಯದೆ ಸಹಿ ಹಾಕಿ, "ಬೇರೆ ಯಾರಾದ್ರೂ ಇಡ್ತಾರೆ ಅಂದ್ಕೊಂಡೆ" ಎಂದಳು. ಹತ್ತರಲ್ಲಿ ಏಳು ಜನ ಹೇಳಿದ್ದು ಇದೇ ಮಾತು. ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ ಎನ್ನುವುದು ಸುಳ್ಳಲ್ಲ.

ಹೀಗೆ ಹತ್ತು ಸಹಿಯಾಯಿತು. ಉಳಿದ ನಾಲ್ಕು ಮನೆಗಳಲ್ಲಿ ಒಂದು ಸ್ಟೆಂಗರ್ ಅವರದೇ, ಒಂದು ಸಂಸಾರ ಅಂದು ಊರಲ್ಲೇ ಇರಲಿಲ್ಲ, ಇನ್ನೊಂದರ ಫೋನು ಕೆಟ್ಟಿತ್ತು. ಹನ್ನೊಂದನೆಯದಕ್ಕೆ ಮೊದಲು ನಾನು ಕೋರಾಳ ಮನೆಗೆ ಹೋದೆ. ಅವಳಿಗೆ ತಿಳಿಸದೆ ಇದು ಅಚ್ಚಾಗುವುದು ಸರಿಯಲ್ಲ ಎನಿಸಿತು.

ಅವಳು ಒಲೆಯ ಮುಂದೆ ಸೇಬುಹಣ್ಣು ಕುದಿಸುತ್ತಾ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಎಲ್ಲ ಹೇಳಿ ಮುಗಿಸುವ ತನಕ ಸೌಟು ಆಡಿಸುತ್ತಲೇ ಇದ್ದಳು. ಪಟ್ಟಿ ಕೊಟ್ಟೆ. ಕೈ ಒರೆಸಿಕೊಂಡು ಒಂದೊಂದೇ ಹೆಸರು ಓದಿದಳು.

"ಇವರ ಹತ್ರ ಮೊಟ್ಟೆ ತಗೋತೀನಿ" ಎಂದಳು. "ಈಯಮ್ಮ ವರ್ನಾ ಮಣ್ಣಿಗೆ ಹೂ ತಂದಿಟ್ಟಿದ್ರು. ನಿನ್ನ ತಂಗೀನ ದ್ವೇಷ ಮಾಡೋದು ಸುಲಭ ಇತ್ತು ಹೆಡ್ವಿಗ್. ಅವಳೊಬ್ಬಳು, ಊರು ಬಿಟ್ಟು ಹೋದ್ಲು. ಇಷ್ಟು ಜನರನ್ನ ಹೆಂಗೆ ದ್ವೇಷ ಮಾಡಲಿ? ಇವರ ಮಧ್ಯೆನೇ ಬದುಕಬೇಕಲ್ಲ ನಾನು."

ನೀನು ಬೇಡವೆಂದರೆ ಬಿಡುತ್ತೇನೆ ಎಂದು ನಾನು ಹೇಳಿದೆ. ಬಾಯಿಮಾತಿಗೆ ಅಂದದ್ದಲ್ಲ. ಅವಳು ಪಟ್ಟಿಯನ್ನು ಇನ್ನೊಮ್ಮೆ ನೋಡಿ, "ಹಾಕು. ಟಿಲ್ಡಾ ಅವತ್ತು ನನ್ನ ಜೊತೆ ಅತ್ಲು. ಲೈನಲ್ಲಿ ಅತ್ತೋಳು ಅವಳೊಬ್ಬಳೇ. ಅದನ್ನೂ ಹಾಕು" ಎಂದಳು. ಆಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಉತ್ತರ ಹೇಳಿದೆ. ಅದನ್ನು ಕಡೆಯಲ್ಲಿ ಬರೆಯುತ್ತೇನೆ. ಉತ್ತರ ಕೇಳಿದ ಮೇಲೆ ಅವಳು ಒಲೆಯ ಕಡೆ ತಿರುಗಿಕೊಂಡಳು, ನಾನು ಬಾಗಿಲು ಎಳೆದುಕೊಂಡು ಬಂದೆ.

ನಿನ್ನೆ ಹನ್ನೊಂದೂ ಸಹಿಯ ಪಟ್ಟಿಯನ್ನು ಪ್ರೂಯಿಟ್ ಅವರ ಮೇಜಿನ ಮೇಲಿಟ್ಟೆ. ಕೊನೆಯ ಹೆಸರು ನೋಡಿ ಚುಟ್ಟ ಬಾಯಿಂದ ತೆಗೆದರು. "ಇದು ಬೇಕಾಮ್ಮಾ?" ಎಂದು ಮೆತ್ತಗೆ ಕೇಳಿದರು. ಬೇಕು ಎಂದೆ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಸುದ್ದಿಯ ಕೆಳಗೆ, ನಿನ್ನ ಬಗ್ಗೆ ಬರೆದದ್ದು ತಪ್ಪು, ಬರೆದವನು ನಾನು ಎಂದು ಬರೆದು ತಮ್ಮ ಹೆಸರನ್ನೂ ಹಾಕಿದರು. ಅದನ್ನು ನಾನು ಕೇಳಿರಲಿಲ್ಲ.

ಶುಕ್ರವಾರ ಹತ್ತು ಪ್ರತಿ ನಿನಗೆ ಕಳಿಸುತ್ತೇನೆ. ಮೊದಲನೆಯದನ್ನು ಆ ಮೇಲ್ವಿಚಾರಕಿಯ ಮೇಜಿನ ಮೇಲಿಡು, ಡ್ರಾಯರಿನಲ್ಲಿರುವುದರ ಜೊತೆ ಇಟ್ಟುಕೊಳ್ಳಲಿ. ರಾಜಧಾನಿಯ ಪತ್ರಿಕೆಗೆ, ಓಮಾಹಾಗೆ, ಆ ಪಾದ್ರಿಗೆ ಬೇರೆ ಬೇರೆ ಕಳಿಸುತ್ತಿದ್ದೇನೆ. ಅವರು ಹಾಕುತ್ತಾರೋ ಇಲ್ಲವೋ. ಹಾಕದಿದ್ದರೆ ಪ್ರತಿ ತಿಂಗಳೂ ಬರೆಯುತ್ತೇನೆ. ಅಂಚೆಯವನ ಕಾಲು ಬಿದ್ದುಹೋದರೂ ನಾನು ಬಿಡುವವಳಲ್ಲ.

ಚಳಿ ಶುರುವಾಗಿದೆ, ಅಮ್ಮನ ಕಂದು ಶಾಲನ್ನು ಪೆಟ್ಟಿಗೆಯಲ್ಲಿಡಬೇಡ, ಹೊದ್ದುಕೋ. ಕೈಗೆ ಹಂದಿ ಕೊಬ್ಬು ಸವರು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಹೆಸರು ನಿನಗೆ ಮರಳಿ ಬರಲಿ. ಬರಬೇಕೆನಿಸಿದರೆ ಬಾ, ಬೇಡವೆನಿಸಿದರೂ ನಿನ್ನ ಕೋಣೆ ಗುಡಿಸಿ ಇಟ್ಟಿರುತ್ತೇನೆ.

ನಿನ್ನ ಅಕ್ಕ,
ಹೆಡ್ವಿಗ್ ಕ್ರೆಬ್ಸ್

ಮರೆತ ಮಾತು: ಮರೆತದ್ದೇನೂ ಅಲ್ಲ. ಕೋರಾ ಕೇಳಿದ್ದು, "ಇದರಲ್ಲಿ ಹತ್ತೇ ಇದೆ. ಹನ್ನೊಂದನೇವರು ಯಾರು?" ಎಂದು. ನಾನು, "ನಾನೇ" ಎಂದೆ.

ಅಂದು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಸ್ಟೆಂಗರ್ ಮನೆಯ ಗಂಟೆ ಬಾರಿಸಿತು, ಒದ್ದೆ ಕೈ ಒರೆಸಿಕೊಂಡು ಎತ್ತಿದೆ. ಮಗು ನೀಲಿಯಾಗುತ್ತಿದೆ ಎಂದು ಕೋರಾ ಹೇಳಿದ್ದು ಕೇಳಿತು. ಇಡಿ ಎಂದು ನೀನು ಬೇಡಿದ್ದು ಕೇಳಿತು. ನಾನು ಆಪರೇಟರ್‌ನ ಅಕ್ಕ, ಆ ಮಾತು ಉಳಿದವರಿಗೆ ಎಂದುಕೊಂಡು ಹಿಡಿದೇ ನಿಂತೆ. ಆಗ ಅಪ್ಪನ ಗಡಿಯಾರ ಹೊಡೆಯಿತು. ಆರು ಗಂಟೆಗೆ ಏಳು. ಅದು ಮುಗಿಯುವ ತನಕ ನೀನು ಮಾತು ನಿಲ್ಲಿಸಿದೆ. ಆಮೇಲೆ ಮತ್ತೆ, "ದಯವಿಟ್ಟು" ಎಂದೆ.

ಅಜ್ಜಿಯ ಮನೆಯನ್ನು ಕ್ಯಾನರಿಯಿಂದ, ಹೋಬಾರ್ಟನನ್ನು ಉಸಿರಿನಿಂದ ಗುರುತು ಹಿಡಿಯುವವಳು ನೀನು. ವಿಚಾರಣೆಯಲ್ಲಿ ಯಾರ್ಯಾರು ಎತ್ತಿದ್ದರು ಎಂದು ಕೇಳಿದಾಗ, "ಯಾವ ಮನೆಯದೂ ಗುರುತು ಸಿಗಲಿಲ್ಲ" ಎಂದು ನೀನು ಹೇಳಿದೆ. ಒಂದು ಮನೆ ಹೇಳಿದ್ದರೆ ಎಲ್ಲ ಮನೆಯನ್ನೂ ಹೇಳಬೇಕಾಗುತ್ತಿತ್ತು ಎಂದು ಎದುರಿಗೇ ಕೂತಿದ್ದ ನನಗೆ ಅರ್ಥವಾಯಿತು. ಅದಕ್ಕೂ ಮೊದಲೇ, ವರ್ನಾ ತೀರಿಕೊಂಡ ಮಾರನೆಯ ದಿನವೇ, ನಾನು ನಿನ್ನ ಮೇಲಿನ ತಲೆಬರಹ ಜೋಡಿಸಿದ್ದೆ. ನೀನು ಪೆಟ್ಟಿಗೆ ಕಟ್ಟುವಾಗ ಆ ಗಡಿಯಾರ ಮತ್ತೆ ಹೊಡೆಯಿತು. ನೀನು ಅದರ ಕಡೆ ನೋಡಿದೆ, ನನ್ನ ಕಡೆ ನೋಡಲಿಲ್ಲ.

ಸಹಿ ಹಾಕಿದ್ದು ಕೊನೆಯಲ್ಲಾದರೂ ಅಚ್ಚಿನಲ್ಲಿ ನನ್ನ ಹೆಸರೇ ಮೊದಲು. ಆ ಸಾಲನ್ನು ಆಗಲೇ ಜೋಡಿಸಿ ಬಿಗಿದಿದ್ದೇನೆ. ಬೇರೆ ಏನು ತಪ್ಪಿದ್ದರೂ ತಂತಿ ಕೊಡು, ತಿದ್ದುತ್ತೇನೆ. ಆ ಒಂದು ಹೆಸರು ತೆಗೆ ಎಂದು ಮಾತ್ರ ಕೇಳಬೇಡ ಟಿಲ್ಡಾ, ಈ ಸಲ ನಿನ್ನ ಮಾತು ಕೇಳುವುದಿಲ್ಲ.